ಬೆಲ್ಟಿನ ಬೆನ್ನಿಗೆ ಬಳಿದ ಕುಂಕುಮ

ಅಕ್ಕಾ, ನಿನ್ನ ರತ್ನ ಬರೆಯುತ್ತಿದ್ದೇನೆ.

ಹೋದ ಬುಧವಾರ ನಿನ್ನ ರಾಗಿ ಮಿಲ್ಲಿನ ಎರಡು ಬೆಲ್ಟಿನಲ್ಲಿ ಒಂದು ತುಂಡಾಯಿತು. ಯಾರದೋ ರಾಗಿ ಅರ್ಧ ಬೀಸಿ ನಿಂತಿತು. ನೀನು ತೀರಿಕೊಂಡ ಮೇಲೆ ನಾನೇ ನಡೆಸುತ್ತಿದ್ದೇನಲ್ಲ, ನನ್ನ ಕೈಯಿಂದಲೇ ಕೆಟ್ಟಿತೇನೋ ಅನ್ನಿಸಿತು. ಭಾವ ಬಾಗಿಲಲ್ಲೇ ನಿಂತು, "ಸೋಮವಾರದೊಳಗೆ ಓಡ್ಲಿಲ್ಲ ಅಂದ್ರೆ ಗುಜರಿಗೆ ಹಾಕ್ಬುಡ್ತೀನಿ ಕಣೇ ರತ್ನ. ಅವ್ಳೇ ಇಲ್ಲ, ಇನ್ನು ಇದ್ಯಾಕೆ?" ಎಂದರು. ಇದೂ ಹೋದರೆ ನಾನು ಬೆಳಗೆದ್ದು ಎಲ್ಲಿಗೆ...

ಆಯುಧಪೂಜೆಯ ದಿನ ನೀನು ಎಣ್ಣೆಯಲ್ಲಿ ಕುಂಕುಮ ಕಲಸಿ ಎರಡೂ ಬೆಲ್ಟಿನ ಬೆನ್ನಿಗೆ ಬಳಿಯುತ್ತಿದ್ದೆ, ನೆನಪಿದೆಯಾ? ಸೈಜಿನ ನಂಬರು ಇರುವುದೂ ಅಲ್ಲೇ. ವರ್ಷವರ್ಷದ ಕುಂಕುಮದಡಿ ಅದು ಮುಚ್ಚಿಹೋಗಿತ್ತು. ಒರೆಸಲು ಕೈ ಬರಲಿಲ್ಲ. ಕೊನೆಯ ಸಲ ಬಳಿದದ್ದೂ ನೀನೇ ಅಲ್ಲವೇ? ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳ ಬುದ್ಧಿ; ತುಂಡಾದ ಬೆಲ್ಟಿನ ಬೆನ್ನುದ್ದಕ್ಕೆ ಹುರಿ ಹಿಡಿದು ಅಳತೆ ತೆಗೆದೆ. ಗುಬ್ಬಿಯಿಂದ ಬಸ್ಸು ಹತ್ತಿ, ಬಟವಾಡಿಯ ಬೆಲ್ಟಿನ ಅಂಗಡಿಯಲ್ಲಿ ಆ ಅಳತೆಯದು ಒಂದೇ ಒಂದು ತಂದೆ.

ಹಾಕಿ ಸ್ವಿಚ್ಚು ಒತ್ತಿದಾಗ ಬಂದ ವಾಸನೆ! ಮೋಟರನ್ನು ಪೂರ್ತಿ ಹಿಂದಕ್ಕೆ ಸರಿಸಿದರೂ ಹೊಸ ಬೆಲ್ಟು ಸಡಿಲ, ಜಾರಿ ಜಾರಿ ರಬ್ಬರು ಸುಟ್ಟಿತು. ಮಿಲ್ಲೇ ಹೊತ್ತಿಕೊಳ್ಳುತ್ತದೆಂದು ಹೊರಗೆ ಓಡಿಬಂದೆ. ಶನಿವಾರ ಹಳೆಯ ತುಂಡನ್ನೇ ಚೀಲಕ್ಕೆ ತುರುಕಿಕೊಂಡು ಮತ್ತೆ ಹೋದೆ.

ಅಂಗಡಿಯವರು ಅದನ್ನು ನೋಡಿ ನಕ್ಕುಬಿಟ್ಟರು. "ಮದ್ವೆ ಹೆಣ್ಗೂ ಇಷ್ಟು ಬಳಿಯಲ್ಲ ಕಣಮ್ಮ! ಹಳೇದು ಓಡಿ ಓಡಿ ಉದ್ದ ಆಗಿರ್ತದೆ. ಅದನ್ನೂ ಬೆನ್ನ ಮೇಲೆ ಅಳೆದ್ರೆ ಸರಿ ಸೈಜು ಎಲ್ಲಿ ಸಿಗ್ತದೆ? ನಂಬರು ಒಳಮೈ ಅಳತೇದು. ಒರೆಸಿ ನಂಬರ್ ನೋಡು," ಎಂದು ಸೀಮೆಎಣ್ಣೆ ಬಟ್ಟೆಯನ್ನು ನನ್ನ ಕೈಗೇ ಕೊಟ್ಟರು.

ಒರೆಸಿದೆ ಅಕ್ಕಾ. ನಿನ್ನ ಬೆರಳಿನ ಗುರುತು ಮೊದಲು ಹೋಯಿತು. ಅಡಿಯಲ್ಲಿ ಬಿ ಅಕ್ಷರ, ಎಪ್ಪತ್ತೆಂಟು; ಅಂದರೆ ಅಷ್ಟು ಇಂಚು. ನಾನು ಮೊದಲು ಕೊಂಡದ್ದು ಎಂಬತ್ತೊಂದು. "ಒಂದೇ ಹಾಕ್ಬೇಡ, ಜೋಡೀನೇ ಬದಲಾಯ್ಸು. ಹಳೇದು ಸುಮ್ನೆ ಕೂತ್ಕೊಂಡು ಭಾರ ಎಲ್ಲಾ ಹೊಸದ್ರ ಮೇಲೆ ಬುಡ್ತದೆ," ಎಂದರು. ಥೇಟ್ ಭಾವನ ಹಾಗೆ ಅಂದುಕೊಂಡೆ. ನೀನಿದ್ದಿದ್ದರೆ ಎಷ್ಟು ನಗುತ್ತಿದ್ದೆ...

ನಿನ್ನೆ ಭಾನುವಾರ ಹೊಸ ಜೋಡಿ ಹಾಕಿ, ಕಣ್ಣು ಮುಚ್ಚಿಕೊಂಡು ಸ್ವಿಚ್ಚು ಒತ್ತಿದೆ. ಕಲ್ಲು ತಿರುಗಿತು. ಜಾರಲಿಲ್ಲ, ವಾಸನೆಯಿಲ್ಲ. ನಿಂತಿದ್ದ ರಾಗಿಯನ್ನು ಬೀಸಿ ಮುಗಿಸುವಷ್ಟರಲ್ಲಿ ಭಾವ ಬಂದರು. ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿ, ನನ್ನ ಮುಖ ನೋಡದೆ, "ನಾಳೆ ಗುಜರಿಯವನು ಬಂದ್ರೆ ನಾನು ಊರಲ್ಲಿಲ್ಲ ಅನ್ನು," ಎಂದರು.

ಹೂಂ ಎಂದೆ. ನಾಡಿದ್ದು ಬಂದರೆ ಏನನ್ನಲಿ ಎಂದು ಕೇಳಲು ಬಾಯಿ ಬರಲಿಲ್ಲ.