ನೀರಿನ ಜೊತೆಗಾರ್ತಿ

ಜೇಜು ದ್ವೀಪ
ಹನ್ನೊಂದನೇ ತಿಂಗಳು, ಅಮಾವಾಸ್ಯೆಯ ಮಾರನೆಯ ದಿನ

ಪ್ರೀತಿಯ ಇನ್ಸೆಂಗ್ ಅಕ್ಕನಿಗೆ,

ಎರಡು ಕಲ್ಲುಗೋಡೆಯಾಚೆ ಇರುವವಳಿಗೆ ಅಂಚೆಯಲ್ಲಿ ಕಾಗದ ಹಾಕುವ ಹುಚ್ಚಿ ನಾನೊಬ್ಬಳೇ ಇರಬೇಕು. ಏನು ಮಾಡಲಿ? ದಾರಿಯಲ್ಲಿ ಸಿಕ್ಕರೆ ನೀನು ಮೂಲಂಗಿ ಹೊಲದ ಕಡೆ ಮುಖ ತಿರುಗಿಸುತ್ತೀಯ. ಹರಿದು ಹಾಕುವುದಾದರೂ ಪೂರ್ತಿ ಓದಿ ಹರಿ.

ನನಗೆ ಪ್ರಶಸ್ತಿ ಬಂದದ್ದನ್ನು ಟೀವಿಯಲ್ಲಿ ನೋಡಿರುತ್ತೀಯ. ಸಿಯೋಲ್‌ನಲ್ಲಿ ದೊಡ್ಡ ಸಭಾಂಗಣ. ಪ್ರಜಾಪ್ರಭುತ್ವಕ್ಕಾಗಿ ಶಾಂತಿಯಿಂದ ಹೋರಾಡಿದ ಹೆಂಗಸರು ಅಂತ ನನ್ನನ್ನೂ ಇನ್ನೊಬ್ಬಳನ್ನೂ ವೇದಿಕೆ ಹತ್ತಿಸಿದರು. ನೌಕಾಪಡೆಯ ಬಂದರು ಬೇಡ ಅಂತ ಅದರ ಗೇಟಿನೆದುರು ವರ್ಷಗಟ್ಟಲೆ ದಿನಾ ಬೆಳಿಗ್ಗೆ ಸಾಷ್ಟಾಂಗ ಹಾಕಿ ಪ್ರತಿಭಟಿಸಿದವಳು, ಜೈಲಿಗೆ ಹೋದರೂ ಒಂದು ಕಲ್ಲು ಎಸೆಯದವಳು ಅಂತ ಒಬ್ಬಳು ಹುಡುಗಿ ಓದಿದಳು. ಕೇಳುತ್ತಾ ಕೂತರೆ ಯಾರೋ ಸತ್ತವಳ ಬಗ್ಗೆ ಹೇಳುತ್ತಿದ್ದಾರೆ ಅನ್ನಿಸಿತು. ಆಮೇಲೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದರು. ಚಪ್ಪಾಳೆ ಕೇಳಿದರೆ ನನಗೆ ಮೈ ಉರಿಯುತ್ತದೆ ಅಂತ ಅವರಿಗೇನು ಗೊತ್ತು?

ಅವತ್ತು ನಮ್ಮೂರ ಸಭೆಯಲ್ಲಿ ನಡೆದದ್ದೂ ಅದೇ ತಾನೆ? ನೌಕಾಪಡೆಯ ಬಂದರಿಗೆ ಜಾಗ ಕೊಡಲು ಒಪ್ಪಿದವರು ಚಪ್ಪಾಳೆ ಹೊಡೀರಿ ಅಂದ ಊರ ಮುಖ್ಯಸ್ಥ. ಹೊಡೆದರು, ಮುಗಿದೇ ಹೋಯಿತು. "ಚಪ್ಪಾಳೆ ಯಾಕ್ರೀ, ಓಟು ಹಾಕೋಣ. ಬೇಕು ಅನ್ನೋರೂ ಹಾಕ್ಲಿ, ಬೇಡ ಅನ್ನೋರೂ ಹಾಕ್ಲಿ" ಅಂದೆ ನಾನು. ಅಷ್ಟಕ್ಕೇ ಊರು ಒಡೆದವಳಾದೆ. ನೀನೂ ಅವತ್ತು ಚಪ್ಪಾಳೆ ಹೊಡೆದೆ. ಭಾವನಿಗೆ ಅಲ್ಲಿ ಕಾವಲು ಕೆಲಸ ಸಿಗುವುದಿತ್ತು, ನನಗೆ ಅರ್ಥವಾಗುವುದಿಲ್ಲ ಅಂತಲ್ಲ. ಸಿಟ್ಟಂತೂ ಹೋಗಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆದರೆ ಸಿಟ್ಟಿರುವವರ ಜೊತೆಗೂ ಒಂದೇ ಬೆಂಕಿಯಲ್ಲಿ ಮೈ ಕಾಯಿಸಿಕೊಳ್ಳಬಹುದಲ್ಲವೇ?

ಪ್ರಶಸ್ತಿ ಬಂದ ಇನ್ನೊಬ್ಬಳು ಮಿನ್ ಗುಮ್ಜಾ, ಗಿರಣಿಯಲ್ಲಿ ಸಂಘ ಕಟ್ಟಿ ಕೆಲಸ ಕಳೆದುಕೊಂಡವಳು. ಊಟಕ್ಕೆ ಕೂತಾಗ, "ಅಲ್ವೇ, ಊರಲ್ಲಿ ನಿನ್ ಜೊತೆ ಕೂತು ಉಣ್ಣೋರು ಇದಾರಾ?" ಅಂದಳು. ಓ, ಬೇಕಾದಷ್ಟು ಜನ ಅಂದೆ. ಅವಳು ನಕ್ಕುಬಿಟ್ಟಳು. "ನಂಗೂ ಅಷ್ಟೇ ಜನ ಕಣೇ."

ಊರಿಗೆ ಬಂದು, ನಾವು ಚಿಪ್ಪು ಕೀಳಲು ಸಮುದ್ರಕ್ಕೆ ಮುಳುಗುವ ಮೊದಲು ಬೆಂಕಿಯಲ್ಲಿ ಮೈ ಕಾಯಿಸಿಕೊಳ್ಳುವ ಕಲ್ಲುಕಟ್ಟೆಗೆ ಅಕ್ಕಿ ಕಡುಬು ಒಯ್ದೆ. ಹೊಗೆ ಬಡಿಯದ ಕಡೆ ಹಿರಿಯ ಮುಳುಗುಗಾರ್ತಿಯರ ಜಾಗ, ಅದರಲ್ಲಿ ನಿನ್ನ ಪಕ್ಕದ್ದು ಒಂದು ಕಾಲಕ್ಕೆ ನನ್ನದು. "ದೊಡ್ಡೋರು ಬಂದ್ರು, ಹಿಂದೆ ಟೀವಿಯೋರೂ ಇದಾರಾ?" ಅಂತ ಒಬ್ಬಳು ಕುಟುಕಿದಳು. ಸರಿದು ಕೂರೋಣ ಅಂತ ಯಾರೂ ಅನ್ನಲಿಲ್ಲ. ನನ್ನ ಜಾಗದಲ್ಲಿ ನಿನ್ನ ಬಲೆಚೀಲ ಇತ್ತು. ನನಗೆ ಅಲ್ಲಿ ಜಾಗವಿಲ್ಲ ಅಂತ ಇಟ್ಟೆಯೋ, ಬೇರೆ ಯಾರಿಗೂ ಇಲ್ಲ ಅಂತ ಇಟ್ಟೆಯೋ, ಇನ್ನೂ ಯೋಚಿಸುತ್ತಿದ್ದೇನೆ. ಕಡುಬಿನ ಡಬ್ಬಿ ಕಲ್ಲಿನ ಮೇಲಿಟ್ಟು ಹೊಗೆಯ ಕಡೆ ನಿಂತುಕೊಂಡೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಮುಳುಗುಗಾರ್ತಿಯರ ಸಂಘದ ಮುಖ್ಯಸ್ಥೆ ಚುನೋಕ್ ನಿನ್ನೆ ಮನೆಗೆ ಬಂದಿದ್ದಳು. "ಅಕ್ಕಾ, ಜೊತೆಗಾರ್ತಿ ಇಲ್ದೆ ಇನ್ಮೇಲೆ ನೀರಿಗಿಳಿಯೋ ಹಾಗಿಲ್ಲ. ಹೋದ ವಾರದ್ದೇ ಸಾಕು" ಅಂದಳು. ಹೋದ ವಾರ ಬಂಡೆಸಂದಿಯಲ್ಲಿ ಕಚ್ಚಿಕೊಂಡಿದ್ದ ದೊಡ್ಡ ಅಬಲೋನ್ ಚಿಪ್ಪುಮೀನು ಕಂಡಿತ್ತು. ಮೊದಲ ಏಟಿಗೇ ಏಳದಿದ್ದರೆ ಬಿಟ್ಟು ಬಾ ಅಂತ ನನಗೆ ಕಲಿಸಿದವಳೇ ನೀನು. ಆಸೆಗೆ ಬಿದ್ದು ಎರಡನೇ ಸಲ ಚುಚ್ಚಿದೆ. ಚಿಪ್ಪು ಸಲಾಕೆಯನ್ನು ಅದುಮಿ ಹಿಡಿಯಿತು, ಸಲಾಕೆಯ ದಾರ ನನ್ನ ಮಣಿಕಟ್ಟಿಗೆ ಬಿಗಿದಿತ್ತು, ಮೇಲೇಳಲಾಗದೆ ಕಣ್ಣು ಕತ್ತಲಾಯಿತು. ಯಾರೋ ದಾರ ಕತ್ತರಿಸಿ ಮೇಲೆ ಎಳೆದಿದ್ದಾರೆ. ಕಣ್ಣು ಬಿಟ್ಟಾಗ ನೀರ ಮೇಲೆ ನನ್ನ ತೇಲುಬುರುಡೆಗೆ ಒರಗಿಕೊಂಡಿದ್ದೆ, ಸುತ್ತ ಯಾರೂ ಇರಲಿಲ್ಲ. ಯಾರು ಅಂತ ಕೇಳಿದರೆ ಒಬ್ಬರೂ ಬಾಯಿ ಬಿಡುತ್ತಿಲ್ಲ.

ಸಮುದ್ರ ಬಿಟ್ಟರೆ ನನಗೆ ಇನ್ನೇನಿದೆ ಹೇಳು. ಪ್ರಶಸ್ತಿ ಫಲಕದ ಜೊತೆ ಮಾತಾಡಿಕೊಂಡಿರಲೇ? ಅದನ್ನು ಕಿಮ್ಚಿ ಜಾಡಿಯ ಮೇಲೆ ಭಾರಕ್ಕೆ ಇಟ್ಟಿದ್ದೇನೆ. ಒಬ್ಬಳೇ ಉಂಡು, ಒಬ್ಬಳೇ ನೀರಿಗಿಳಿದು ಸಾಕಾಗಿದೆ ಅಕ್ಕಾ. ಮತ್ತೆ ನನ್ನ ಜೊತೆಗಾರ್ತಿಯಾಗು. ಮಾತಾಡಲು ಇಷ್ಟವಿಲ್ಲದಿದ್ದರೆ ಬೇಡ. ನೀರೊಳಗೆ ಹೇಗೂ ಯಾರೂ ಮಾತಾಡುವುದಿಲ್ಲ.

ನಿನ್ನ ತಂಗಿ,
ಬು ಹ್ವಾಸುನ್

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಎಳೆದವರು ಯಾರು ಅಂತ ನನಗೆ ಗೊತ್ತು. ಕಣ್ಣು ಬಿಡುವ ಮೊದಲೇ ಕಿವಿಯ ಹತ್ತಿರ ಉಸಿರಿನ ಸಿಳ್ಳೆ ಕೇಳಿತ್ತು. ಮುಳುಗಿ ಎದ್ದಾಗ ಒಬ್ಬೊಬ್ಬಳ ಸಿಳ್ಳೆ ಒಂದೊಂದು ಥರ. ಕೊನೆಯಲ್ಲಿ ಒಡೆಯುವ ನಿನ್ನ ಸಿಳ್ಳೆಯನ್ನು ನಾನು ಲಂಗ ಉಡುವ ವಯಸ್ಸಿನಿಂದ ಕೇಳಿದ್ದೇನೆ. ನನಗೆ ಜೊತೆಗಾರ್ತಿ ಇದ್ದಾಳೆ ಅಂತ ಚುನೋಕ್‌ಗೆ ನಿನ್ನೆಯೇ ನಿನ್ನ ಹೆಸರು ಹೇಳಿಬಿಟ್ಟೆ. ನಿನ್ನನ್ನು ಒಂದು ಮಾತು ಕೇಳದೆ, ನಮ್ಮ ಊರ ಮುಖ್ಯಸ್ಥನ ಹಾಗೆಯೇ. ನಿನ್ನ ಓಟು "ಬೇಡ" ಅಂತಿದ್ದರೆ, ನನ್ನ ಬಾಗಿಲಿಗೆ ಬಂದು ಬಾಯಿ ಬಿಟ್ಟು ಹೇಳು.