ಜೀಪಿನ ಗಣಪತಿಗೆ ಸೀತಾಳೆ ದಂಡೆ

ಕೆಮ್ಮಣ್ಣುಗುಂಡಿ, ಸೋಮವಾರ

ಅತ್ತಿಗೆ,

ನಾನು ಚೆನ್ನಾಗಿದ್ದೇನೆ, ತಲೆ ಮಾತ್ರ ಕೆಟ್ಟಿದೆ. ಇಲ್ಲಿ ಫೋನ್ ಸಿಗುವುದಿಲ್ಲ, ಅದಕ್ಕೇ ಈ ಕಾರ್ಡು. ಅದಿರು ತೆಗೆಯುತ್ತಿದ್ದ ಕಾಲದ ಹಳೇ ಕಾಲುದಾರಿಯ ಮರಗಳಲ್ಲಿ ಸೀತಾಳೆ ದಂಡೆ, ಅದೇ ಆ ಅಪರೂಪದ ಕಾಡು ಆರ್ಕಿಡ್ ಹೂವು, ಅರಳಿ ಜೋತುಬಿದ್ದಿದೆ. ಪ್ರವಾಸಿಗರು ಕೀಳದಂತೆ ಟೂರ್ ನಡೆಸುವ ನಾವೇ ಸರದಿಯ ಮೇಲೆ ಬಿಟ್ಟಿ ಕಾವಲು ಕಾಯುತ್ತಿದ್ದೇವೆ. ನಿನ್ನೆ ಒಬ್ಬ ಹುಡುಗಿ ಮುಡಿಯಲೆಂದು ಒಂದು ಹೂವಿಗೆ ಕೈ ಚಾಚಿದಳು. ನಮ್ಮ ಮುಖಂಡ, ಜೀಪಿನ ತೀರ್ಥಪ್ಪ, ಅವಳು ಅಳುವ ತನಕ ಬೈದ. ಇವತ್ತು ಬೆಳಿಗ್ಗೆ ಅವನ ಜೀಪು ಹತ್ತಿದರೆ ಡ್ಯಾಶ್‌ಬೋರ್ಡಿನ ಗಣಪತಿಯ ಕೊರಳಲ್ಲಿ ಅದೇ ಹೂವಿನ ಇಡೀ ಗೊಂಚಲು.

ಕೇಳಿದರೆ, "ದೇವ್ರಿಗೆ ಕಿತ್ತಿದ್ದು ಕಣಮ್ಮ, ಅದನ್ನೂ ಲೆಕ್ಕಕ್ಕೆ ತಗೋತೀಯಾ?" ಅಂದ. ಇಳಿದು ಉಳಿದವರ ಜೀಪುಗಳಲ್ಲೂ ಇಣುಕಿದೆ. ಒಬ್ಬ ಗಣಪತಿಯೂ ಬರಿಗೊರಳಲ್ಲಿರಲಿಲ್ಲ.

"ಹೂವಿಲ್ದೆ ಗಾಡಿ ತೆಗಿಯಕ್ಕಾಗುತ್ತಾ?" ಎಂದು ಅವರೆಲ್ಲ ನನ್ನನ್ನೇ ಕೇಳಿದರು.

ನೆಗಡಿಯಿದೆ, ಜ್ವರವಿಲ್ಲ. ತೀರ್ಥಪ್ಪ ಹಾರನ್ ಹೊಡೆಯುತ್ತಿದ್ದಾನೆ. ಬುಕ್ಕಾಂಬುಧಿಯ ನಮ್ಮ ಹೊಲದ ಚೆಂಡುಹೂವನ್ನು ಒಂದು ಚೀಲ ತುಂಬಿಸಿ ತರೀಕೆರೆ ಬಸ್ಸಿಗೆ ಹಾಕಿಸಿ. ಮೊದಲು ಈ ಗಣಪತಿಗಳಿಂದ ಗಿಡ ಉಳಿಸುತ್ತೇನೆ, ಪ್ರವಾಸಿಗರನ್ನು ಆಮೇಲೆ ನೋಡಿಕೊಳ್ಳೋಣ.

ನಿಮ್ಮ ನಾದಿನಿ
ಯಶೋದಾ