ಟೋಲ್ ಬೂತಿನ ಕುರ್ಚಿಯೂ ಕಾಲಿನಲ್ಲಿ ಕಟ್ಟಿದ ಹೆಪ್ಪೂ

ಹೆದ್ದಾರಿ ಸುಂಕ ವಿಭಾಗದ ಮುಖ್ಯಾಧಿಕಾರಿಗಳೇ,

ನನ್ನ ನಾದಿನಿಯ ಪಾರ್ಶ್ವವಾಯುವಿಗೆ ಆಕೆಯ ಹೃದಯವೇ ಕಾರಣ, ಕೆಲಸವಲ್ಲ ಎಂದು ನಮ್ಮ ಪರಿಹಾರದ ಅರ್ಜಿಗೆ ತಾವು ತೀರ್ಪು ಕೊಟ್ಟಿದ್ದೀರಿ. ಹೃದಯ ಇಟ್ಟುಕೊಂಡು ಕೆಲಸಕ್ಕೆ ಬಂದದ್ದು ಅವಳ ತಪ್ಪೇ ಇರಬೇಕು. ಜಗಳವಾಡುವ ತ್ರಾಣ ನನಗಿಲ್ಲ. ನಡೆದದ್ದನ್ನು ಹೇಳುತ್ತೇನೆ, ನಾಲ್ಕು ಜನ ಓದಲಿ.

ಟೋಲ್ ಗೇಟಿನಲ್ಲಿ ಅವಳದೊಂದು ಬೂತ್, ನನ್ನದು ಪಕ್ಕದ್ದು. ವಾಹನಗಳ ಸಾಲು ಇರುವವರೆಗೆ ಏಳಬಾರದೆಂಬುದು ತಮ್ಮ ಆದೇಶ; ಹೆದ್ದಾರಿಯಲ್ಲಿ ಸಾಲು ಯಾವಾಗ ಮುಗಿಯುತ್ತದೆಂದು ಮಾತ್ರ ಆದೇಶದಲ್ಲಿಲ್ಲ. ಕುಡಿದರೆ ಏಳಬೇಕಾಗುತ್ತದೆಂದು ನಾವು ನೀರನ್ನೇ ಬಿಟ್ಟಿದ್ದೆವು. ಅವಳ ಎಡಗಾಲಿನ ಮೀನಖಂಡ ಊದಿ ಬಿಗಿದುಕೊಂಡಿತ್ತು. ಸ್ವಲ್ಪ ಓಡಾಡಿ ಬರುತ್ತೇನೆಂದು ಮೇಲ್ವಿಚಾರಕರನ್ನು ಕೇಳಿದಳು. “ಸಾಲು ಕರಗ್ಲಿ, ಆಮೇಲೆ ಹೋಗಮ್ಮ” ಎಂದರು. ಅವರನ್ನು ದೂರುವುದಿಲ್ಲ, ಅವರು ಹೆದರುವುದು ತಮಗೆ.

ಅಷ್ಟರಲ್ಲಿ ಗೇಟಿನ ಅಡ್ಡಕಂಬ ಸಿಕ್ಕಿಹಾಕಿಕೊಂಡಿತು. ಅವಳೇ ಹೋಗಿ ಉಸಿರು ಬಿಗಿಹಿಡಿದು ಎತ್ತಿದಳು, ಬಸ್ಸು ದಾಟಿತು. ಬಂದು ಕೂತವಳ ಬಲಗೈಯಿಂದ ಚಿಲ್ಲರೆ ಜಾರಿ ಬಿತ್ತು. ನನ್ನ ಕಡೆ ತಿರುಗಿ ಏನೋ ಹೇಳಲು ಹೋದಳು. ಬಾಯಿ ಒಂದು ಕಡೆ ಎಳೆಯಿತು, ಮಾತು ಬರಲಿಲ್ಲ. ಹಿಂದಿನ ಕಾರಿನವನು ಹಾರ್ನ್ ಹೊಡೆಯುತ್ತಲೇ ಇದ್ದ.

ಹೃದ್ರೋಗದ ಡಾಕ್ಟರು ನನಗೂ ನನ್ನ ಗಂಡನಿಗೂ ಬಿಡಿಸಿ ಹೇಳಿದರು. ಹುಟ್ಟುವ ಮೊದಲು ಎಲ್ಲರ ಹೃದಯದಲ್ಲೂ ಬಲ ಎಡ ಕೋಣೆಗಳ ನಡುವೆ ಒಂದು ಕಿಂಡಿ ಇರುತ್ತದಂತೆ. ಕೆಲವರಿಗೆ ಅದು ಪೂರ್ತಿ ಮುಚ್ಚುವುದಿಲ್ಲ. ಬಹಳ ಜನ ಗೊತ್ತೇ ಆಗದೆ ಬದುಕಿಬಿಡುತ್ತಾರೆ. ಕೂತು ಕೂತು ಅವಳ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಉಸಿರು ಬಿಗಿಹಿಡಿದು ಕಂಬ ಎತ್ತಿದಾಗ ಹೆಪ್ಪಿನ ತುಣುಕೊಂದು ಶ್ವಾಸಕೋಶದ ಕಡೆ ಹೋಗದೆ ಆ ಕಿಂಡಿಯಲ್ಲಿ ನುಸುಳಿ ಎಡಭಾಗಕ್ಕೆ ದಾಟಿ, ಮಿದುಳಿನ ರಕ್ತನಾಳವನ್ನು ಮುಚ್ಚಿತು. “ಕಿಂಡಿ ಹುಟ್ಟಿನಿಂದ ಬಂದಿದ್ದು. ಹೆಪ್ಪು ಹಾಗಲ್ಲ” ಎಂದರು.

ತಮ್ಮ ಉತ್ತರದಲ್ಲಿ ಕಿಂಡಿ ಮಾತ್ರ ಇದೆ. ಆ ಕಿಂಡಿ ಇಟ್ಟುಕೊಂಡೇ ಅವಳು ಬೆಳೆದಳು, ಓಡಾಡಿದಳು, ಇಬ್ಬರು ಮಕ್ಕಳನ್ನು ಹೆತ್ತಳು. ಇಷ್ಟು ವರ್ಷ ಸುಮ್ಮನಿದ್ದ ಕಿಂಡಿಗೆ ತಮ್ಮ ಬೂತಿನಲ್ಲೇ ಯಾಕೆ ದುರ್ಬುದ್ಧಿ ಬಂತು?

ಈಗ ಡಾಕ್ಟರು ತೊಡೆಯ ರಕ್ತನಾಳದ ಮೂಲಕ ಹೋಗಿ ಆ ಕಿಂಡಿಯನ್ನು ಮುಚ್ಚಿದ್ದಾರೆ. ನಡೆಯುತ್ತಾಳೆ. ಮಾತನ್ನು ಮಾತ್ರ ಹುಡುಕಬೇಕು. ಮೊನ್ನೆ ನನ್ನನ್ನು ಕರೆಯಲು ತಡಕಾಡಿ ತಡಕಾಡಿ “ಅತ್ತೆ” ಎಂದಳು. ಅಷ್ಟು ಮುದುಕಿಯಾದೆನೇ ಎಂದೆ. ಇಬ್ಬರೂ ನಕ್ಕೆವು, ಆಮೇಲೆ ಅವಳು ಅತ್ತಳು.

ಅವಳು ಕೆಲಸಕ್ಕೆ ಮರಳುವುದಿಲ್ಲ. ಅವಳ ಜಾಗಕ್ಕೆ ಬಂದವಳು ನಿನ್ನೆ, “ಅಕ್ಕಾ, ಒಂದು ಕಾಲು ಊದಿದೆ, ಚಪ್ಪಲಿ ಹಿಡೀತಿಲ್ಲ” ಎಂದಳು. ಅವಳ ಹೃದಯದಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ, ತಮಗೂ ಗೊತ್ತಿಲ್ಲ. ಪ್ರತಿ ಪಾಳಿಗೂ ಬದಲಿ ಸಿಬ್ಬಂದಿ ಕೊಡಿ, ನಮ್ಮನ್ನು ಎದ್ದು ನಡೆಯಲು ಬಿಡಿ. ಆದೇಶ ಹೊರಡುವುದು ತಡವಾಗುತ್ತದೆ, ಬಲ್ಲೆ. ಆ ಹೊಸಬಳನ್ನು ಮಾತ್ರ ಇವತ್ತೇ ಎಬ್ಬಿಸಿ, ಆಸ್ಪತ್ರೆಗೆ ಕಳಿಸಿ.

ಇಂತಿ,
ಪಕ್ಕದ ಬೂತಿನಲ್ಲಿ ಇನ್ನೂ ಕೂತೇ ಇರುವ ಅತ್ತಿಗೆ